ಬ್ರೋಕರ್ ಇಲ್ಲದೆ ಬೆಂಗಳೂರಿನಲ್ಲಿ ಫ್ಲಾಟ್ ಮಾರುವಾಗ ಎಲ್ಲಿ ಎಡವುತ್ತೇವೆ?

ನಾಗರಬಾವಿಯ ಫ್ಲಾಟನ್ನು ನೀವೇ ಮಾರಬೇಕು, ಹೋಮ್ ಲೋನ್ ಇನ್ನೂ ತೀರಿಲ್ಲ, ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ.

ಬೆಲೆಗಿಂತ ಕಾಗದಪತ್ರದಲ್ಲಿ ಎಡವುವವರೇ ಜಾಸ್ತಿ. ಮೊದಲು ಜಾಹೀರಾತು ಹಾಕಿ, ಕೊಳ್ಳುವ ಪಾರ್ಟಿ ಒಪ್ಪಿದ ಮೇಲೆ ಇ-ಖಾತಾಗೆ (ಆಸ್ತಿ ಯಾರ ಹೆಸರಲ್ಲಿದೆ ಎಂದು ತೋರಿಸುವ ಪಾಲಿಕೆಯ ಡಿಜಿಟಲ್ ದಾಖಲೆ) ಓಡಾಡಲು ಶುರು ಮಾಡುತ್ತಾರೆ. ಅಷ್ಟರೊಳಗೆ ಪಾರ್ಟಿ ಬೇರೆ ಮನೆಗೆ ಅಡ್ವಾನ್ಸ್ ಕೊಟ್ಟಿರುತ್ತದೆ. ದಯವಿಟ್ಟು ಕಾಗದಪತ್ರ ಮೊದಲು ಮಾಡಿಸಿ.

ಅಂತಿಮ ಇ-ಖಾತಾ ಇಲ್ಲದೆ ನಗರದಲ್ಲಿ ಈಗ ನೋಂದಣಿ ಆಗುವುದಿಲ್ಲ. ಅದಕ್ಕೆ ಆಧಾರ್, ಕ್ರಯಪತ್ರದ ನಂಬರ್, ಆಸ್ತಿ ತೆರಿಗೆ ವಿವರ, ಇಸಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಅಡಮಾನ ತೋರಿಸುವ ಋಣಭಾರ ಪ್ರಮಾಣಪತ್ರ), ಬೆಸ್ಕಾಂ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್, ಮನೆಯ ಫೋಟೋ ಬೇಕು. ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ: ಕ್ರಯಪತ್ರದಲ್ಲಿ 'ಮಂಜುನಾಥ್ ಕೆ.ಎಸ್.', ಆಧಾರ್‌ನಲ್ಲಿ ಬರೀ 'ಮಂಜುನಾಥ' ಅಂತಿದ್ದರೆ ಅಲ್ಲೇ ನಿಲ್ಲಬಹುದು. ಇವತ್ತೇ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ.

ಮುಂದಿನದು ಲೋನ್. ಬ್ಯಾಂಕಿನಿಂದ ಇಷ್ಟು ಕಟ್ಟಿದರೆ ಸಾಲ ಪೂರ್ತಿ ತೀರುತ್ತದೆ ಎಂದು ಬಾಕಿ ಮೊತ್ತ ತಿಳಿಸುವ ಫೋರ್‌ಕ್ಲೋಷರ್ ಪತ್ರ, ಅವರ ಬಳಿ ಇರುವ ಮೂಲ ದಾಖಲೆಗಳ ಪಟ್ಟಿ ಎರಡನ್ನೂ ತೆಗೆದುಕೊಳ್ಳಿ. ಕೊಳ್ಳುವವರ ಬ್ಯಾಂಕಿನ ವಕೀಲರು ಕೇಳುವುದೇ ಇವನ್ನು. ಸಾಲ ತೀರಿಸಿದ 30 ದಿನದೊಳಗೆ ಬ್ಯಾಂಕಿನವರು ಮೂಲ ಪತ್ರ ವಾಪಸ್ ಕೊಡಬೇಕು, ತಮ್ಮಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕು ಎಂಬ ಆರ್‌ಬಿಐ ನಿಯಮವಿದೆ. ಆದರೆ ಪತ್ರ ಕೈಗೆ ಬಂದರೆ ಮುಗಿಯಲಿಲ್ಲ. ಅಡಮಾನ ನೋಂದಣಿಯಾಗಿದ್ದರೆ ಅದು ಇಸಿಯಲ್ಲಿ ಕೂತಿರುತ್ತದೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅದರ ಬಿಡುಗಡೆಪತ್ರವೂ ನೋಂದಣಿಯಾಗಬೇಕು. ಆಮೇಲೆ ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಹೊಸ ಇಸಿ ತೆಗೆದು ನೋಡಿ.

ಇನ್ನು ಅಡ್ವಾನ್ಸ್. ಆಸ್ತಿ ಮಾರಾಟಕ್ಕೆ 20,000 ರೂ. ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. 'ಸ್ವಲ್ಪ ಬ್ಲ್ಯಾಕ್ ಮಾಡೋಣ ಸಾರ್' ಅಂದವರಿಗೆ ಬೇಡ ಅನ್ನಿ. ಕ್ರಯ ಕರಾರಿನಲ್ಲಿ (ಸೇಲ್ ಅಗ್ರಿಮೆಂಟ್) ಬಾಕಿ ಹಣಕ್ಕೆ ಕೊನೆಯ ದಿನ, ಕೊಳ್ಳುವವರಿಗೆ ಲೋನ್ ಸಿಗದಿದ್ದರೆ ಅಡ್ವಾನ್ಸ್ ಗತಿ ಏನು, ಸ್ಟ್ಯಾಂಪ್ ಡ್ಯೂಟಿ ಯಾರದ್ದು (ರೂಢಿಯಲ್ಲಿ ಕೊಳ್ಳುವವರದ್ದು) ಇಷ್ಟನ್ನೂ ಬರೆಸಿ. ಪೇಂಟ್ ಮಾಡಿಸುತ್ತೇವೆ ಅಂತ ಕೇಳಿದರೂ ಕ್ರಯಪತ್ರಕ್ಕೆ ಮುಂಚೆ ಬೀಗದ ಕೈ ಕೊಡಬೇಡಿ: ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಸ್ಟ್ಯಾಂಪ್ ಡ್ಯೂಟಿ ಬೀಳುತ್ತದೆ, ವ್ಯವಹಾರ ಮುರಿದರೆ ಅವರನ್ನು ಹೊರಗೆ ಕಳಿಸುವುದೂ ಕಷ್ಟ.

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು 1% ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ನಿಮ್ಮ ಪ್ಯಾನ್‌ಗೆ ಕಟ್ಟುತ್ತಾರೆ. 90 ಲಕ್ಷಕ್ಕೆ 90,000. ಕೊನೆಯ ಡಿಡಿಯಲ್ಲಿ ಅಷ್ಟು ಕಡಿಮೆ ಬಂತೆಂದು ರಿಜಿಸ್ಟ್ರೇಷನ್ ದಿನ ಜಗಳವಾಗುತ್ತದೆ, ಆದ್ದರಿಂದ ಕರಾರಿನಲ್ಲೇ ಲೆಕ್ಕ ಹಾಕಿಡಿ. ನೀವು ಎನ್‌ಆರ್‌ಐ ಆಗಿದ್ದರೆ ದರ ಇದಕ್ಕಿಂತ ಬಹಳ ಹೆಚ್ಚು, ಮೊದಲೇ ಆಡಿಟರನ್ನು ಕೇಳಿ.

ಅಸೋಸಿಯೇಷನ್‌ನಿಂದ ಮೇಂಟೆನೆನ್ಸ್ ಬಾಕಿ ಇಲ್ಲ ಎಂಬ ಪತ್ರ ಪಡೆದಿಡಿ. ಸಹಿ ಹಾಕುವ ಮುಂಚೆ ಡಿಡಿಯಲ್ಲಿ ಹೆಸರು, ಮೊತ್ತ ಓದಿ. ಆರ್‌ಟಿಜಿಎಸ್ ಆದರೆ ಅವರ ಫೋನಿನ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆಯಲ್ಲಿ ಬಿದ್ದಿದೆಯಾ ನೋಡಿ. ಬೀಗದ ಕೈ ಕೊಡುವಾಗ ಬೆಸ್ಕಾಂ ಮೀಟರ್ ರೀಡಿಂಗ್‌ನ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ.