ಕರೆಕ್ಷನ್ಸ್ ಡಿಗ್ರಿಗೆ ಯಾವ ಕಾಲೇಜು ಸೇರಲಿ?

ಜೈಲು, ಪ್ರೊಬೇಷನ್ (ತಪ್ಪು ಮಾಡಿದವರನ್ನು ಜೈಲಿಗೆ ಹಾಕದೆ ಹೊರಗೇ ಮೇಲ್ವಿಚಾರಣೆಯಲ್ಲಿಡೋದು), ಪೆರೋಲ್ (ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲೆ ಹೊರಗೆ ಬಿಡೋದು) ಕಡೆ ಕೆಲಸ ಮಾಡಬೇಕು, ಅದಕ್ಕೆ ಕರೆಕ್ಷನ್ಸ್ ಡಿಗ್ರಿ, ಅಂದರೆ ಶಿಕ್ಷೆಗೊಳಗಾದವರ ಮೇಲ್ವಿಚಾರಣೆ, ಸುಧಾರಣೆಯ ಓದು, ಓದಬೇಕು ಅಂತ ಬರೆದಿದ್ದೀರಿ. ನಿಮ್ಮ ಮನಸ್ಸಿನಲ್ಲಿ ಮೂರು ಕಾಲೇಜುಗಳಿವೆ. ಒಂದು ದೊಡ್ಡ ಹೆಸರಿನ ವಿಶ್ವವಿದ್ಯಾಲಯ, ಒಂದು ಪೂರ್ತಿ ಆನ್‌ಲೈನ್ ಕೋರ್ಸು, ಇನ್ನೊಂದು ಯಾರೂ ಅಷ್ಟಾಗಿ ಕೇಳಿರದ ಚಿಕ್ಕ ಕಾಲೇಜು. ಯಾವುದು ಸರಿ ಅನ್ನೋದು ನಿಮ್ಮ ಪ್ರಶ್ನೆ.

ನಾನೂ ಇದೇ ಡಿಗ್ರಿ ಓದಿದವಳು. ಜೈಲಿನೊಳಗೆ 11 ವರ್ಷ ಕೌನ್ಸೆಲರ್ ಆಗಿದ್ದೆ, ಈಗ ಪ್ರೊಬೇಷನ್ ಕೆಲಸದಲ್ಲಿದ್ದೇನೆ. ರ್‍ಯಾಂಕಿಂಗ್ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡಿ. ಓದುವಷ್ಟು ದಿನದಲ್ಲಿ ನಿಮ್ಮನ್ನು ಎಷ್ಟು ಸಲ ಜೈಲಿನ ಗೇಟು ದಾಟಿಸುತ್ತಾರೆ, ಒಳಗೆ ನಿಮಗೆ ಕೆಲಸ ಹೇಳಿಕೊಡುವವರು ಯಾರು, ಮೊದಲು ಇದನ್ನು ಕೇಳಿ.

ನಾನು ಕೇಳದೇ ಸೇರಿದ್ದೆ. ನನ್ನ ಕಾಲೇಜಿನಲ್ಲಿ ಫೀಲ್ಡ್‌ವರ್ಕ್ ಅಂದರೆ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಜೈಲಿನ ಅಡುಗೆಮನೆ, ಲೈಬ್ರರಿ ನೋಡಿಕೊಂಡು ಮಧ್ಯಾಹ್ನಕ್ಕೆ ವಾಪಸ್ ಬರೋದು. ಅಷ್ಟೇ. ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬರು ನನ್ನೆದುರು ಬಂದು ಕೂತರು. ಎಂಟು ವರ್ಷ ಒಳಗಿದ್ದವರು, ಬಿಡುಗಡೆಗೆ ಇನ್ನು ಮೂರೇ ವಾರ. "ಮೇಡಂ, ನನ್ನನ್ನು ಇಲ್ಲೇ ಇಟ್ಕೊಳ್ಳೋಕೆ ಆಗಲ್ವಾ?" ಅಂದರು. ನನಗೆ ಮಾತೇ ಹೊರಡಲಿಲ್ಲ. ಶಿಕ್ಷೆಯ ಸಿದ್ಧಾಂತಗಳ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಅವರಿಗೆ ಬೇಕಿದ್ದದ್ದು ಒಂದು ಗುರುತಿನ ಚೀಟಿ, ಮೊದಲ ರಾತ್ರಿ ಮಲಗೋಕೆ ಜಾಗ, ಒಂದು ತಿಂಗಳಿಗೆ ಸಾಕಾಗುವಷ್ಟು ಬಿಪಿ ಮಾತ್ರೆ, ಅಕ್ಕನಿಗೆ ಒಂದು ಫೋನು. ಇದನ್ನೆಲ್ಲ ಒಂದೊಂದಾಗಿ ಕೇಳಿ ಬರೆದುಕೊಳ್ಳೋದು ಹೇಗೆ ಅಂತ ತೋರಿಸಿಕೊಟ್ಟದ್ದು ಅಲ್ಲಿದ್ದ ಒಬ್ಬ ಹಿರಿಯ ವಾರ್ಡರ್. ಆ ಮೂರು ವಾರದಲ್ಲಿ ಒಂದು ವಾರ ನನ್ನ ತಡಕಾಟದಲ್ಲೇ ಹೋಯಿತು. ಅದರ ನಷ್ಟ ಅವರದ್ದು. ಈಗಲೂ ನೆನೆದರೆ ಬೇಸರವಾಗುತ್ತದೆ.

ಅದಕ್ಕೇ ಕಾಲೇಜಿನವರು "ಫೀಲ್ಡ್‌ವರ್ಕ್ ಇದೆ" ಅಂದರೆ ಅಲ್ಲಿಗೇ ಬಿಡಬೇಡಿ. ಒಟ್ಟು ಎಷ್ಟು ಗಂಟೆ? ಒಂದು ದಿನದ ಭೇಟಿಯೋ, ತಿಂಗಳುಗಟ್ಟಲೆ ವಾರಕ್ಕೆ ಎರಡು ದಿನವೋ? ಹೊಸದಾಗಿ ಬಂದ ಕೈದಿಯ ಜೊತೆ ನಡೆಯುವ ಮೊದಲ ಮಾತುಕತೆಯಲ್ಲಿ ಕೂರಲು ಬಿಡುತ್ತಾರಾ? ಕೋರ್ಟಿಗೆ ಕೊಡುವ ಪ್ರೊಬೇಷನ್ ವರದಿಯನ್ನು ನಿಮ್ಮ ಕೈಯಲ್ಲಿ ಬರೆಸಿ, ಯಾರಾದರೂ ತಿದ್ದುತ್ತಾರಾ? ಕಳೆದ ವರ್ಷ ಎಷ್ಟು ವಿದ್ಯಾರ್ಥಿಗಳಿಗೆ ಒಳಗೆ ಹೋಗಲು ಅನುಮತಿ ಸಿಕ್ಕಿತು? ಹಿನ್ನೆಲೆ ಪರಿಶೀಲನೆಗೆ ಕೆಲವು ಕಡೆ ತಿಂಗಳುಗಳೇ ಬೇಕಾಗುತ್ತವೆ. ಕಾಲೇಜಿಗೂ ಜೈಲಿಗೂ ಮೊದಲಿನಿಂದ ಒಳ್ಳೆಯ ನಂಟಿಲ್ಲದಿದ್ದರೆ ಸೆಮಿಸ್ಟರ್ ಪೂರ್ತಿ ಕಾಯುವುದರಲ್ಲೇ ಕಳೆದುಹೋಗುತ್ತದೆ.

ಈ ಕೆಲಸ ಹುಟ್ಟಿದ್ದೂ ಮನುಷ್ಯರ ಪಕ್ಕ ನಿಂತೇ. 1841ರಲ್ಲಿ ಬಾಸ್ಟನ್‌ನಲ್ಲಿ ಜಾನ್ ಆಗಸ್ಟಸ್ ಅನ್ನುವ ಬೂಟು ತಯಾರಿಸುವವರು ಕೋರ್ಟಿನಲ್ಲಿ ಒಬ್ಬ ಕುಡುಕನಿಗೆ ಜಾಮೀನು ನಿಂತರು, ಅವನನ್ನು ನೋಡಿಕೊಳ್ಳುವ ಹೊಣೆ ಹೊತ್ತರು. ಪ್ರೊಬೇಷನ್ ಅಲ್ಲಿಂದ ಬೆಳೆದು ಬಂತು ಅಂತ ಹೇಳುತ್ತಾರೆ.

ಹಾಗಂತ ಪುಸ್ತಕದ ಓದು ಬೇಡ ಅನ್ನುತ್ತಿಲ್ಲ. ಸಿಲಬಸ್ ತರಿಸಿಕೊಂಡು ಓದಿ. ಬರೀ ಭದ್ರತೆ, ಶಿಸ್ತು, ಆಡಳಿತ ಇದ್ದರೆ ಅದು ಅರ್ಧ ಸಿಲಬಸ್. 1974ರಲ್ಲಿ ರಾಬರ್ಟ್ ಮಾರ್ಟಿನ್ಸನ್ ಅನ್ನುವ ಸಂಶೋಧಕರ ಒಂದು ಲೇಖನವನ್ನು ಹಿಡಿದುಕೊಂಡು "ಸುಧಾರಣೆ ಯಾವುದೂ ಕೆಲಸ ಮಾಡಲ್ಲ" ಅನ್ನುವ ಮಾತು ಅಮೆರಿಕದಲ್ಲಿ ಹಬ್ಬಿತು. 1979ರಲ್ಲಿ ಅವರೇ ಆ ನಿಲುವನ್ನು ತಿದ್ದಿಕೊಂಡರು. ಅದು ಮಾತ್ರ ಅಷ್ಟು ಜನಕ್ಕೆ ತಲುಪಲಿಲ್ಲ. ಆಮೇಲೆ 1990ರ ಹೊತ್ತಿಗೆ ಕೆನಡಾದ ಸಂಶೋಧಕರು, ಯಾರಿಗೆ, ಯಾವ ಅಗತ್ಯಕ್ಕೆ, ಯಾವ ರೀತಿಯಲ್ಲಿ ನೆರವು ಕೊಟ್ಟರೆ ಫಲ ಸಿಗುತ್ತದೆ ಅಂತ ಬಿಡಿಸಿ ತೋರಿಸಿದರು. ಮತ್ತೆ ತಪ್ಪು ಮಾಡುವ ಸಾಧ್ಯತೆ ಕಡಿಮೆ ಇರುವವರನ್ನು ಕಠಿಣ ಕಾರ್ಯಕ್ರಮಕ್ಕೆ ಹಾಕಿದರೆ ಒಳ್ಳೆಯದಾಗುವ ಬದಲು ಕೆಡಬಹುದು ಅನ್ನೋದು ಅದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ ಪಾಠ. ಅವರ ಕೆಲಸ, ಮನೆಯವರ ಒಡನಾಟ ತಪ್ಪುತ್ತದೆ. ಜಾಸ್ತಿ ಅಪಾಯದವರ ಸಹವಾಸ ಆಗುತ್ತದೆ. ಇದು ಗೊತ್ತಿಲ್ಲದ ಅಧಿಕಾರಿ ಒಳ್ಳೆಯ ಮನಸ್ಸಿನಿಂದಲೇ ಒಬ್ಬರ ಬದುಕು ಹಾಳುಮಾಡಬಹುದು ಅಲ್ವಾ? ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಹೇಳುವ, ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳೂ ಪಾಠದಲ್ಲಿರಬೇಕು. ಅವು ಒಟ್ಟು 122. ಸತತ 15 ದಿನಕ್ಕಿಂತ ಜಾಸ್ತಿ ಒಂಟಿ ಸೆಲ್‌ನಲ್ಲಿ ಇಡಬಾರದು ಅನ್ನೋದು ಅದರಲ್ಲೇ ಇದೆ.

ಮೇಷ್ಟ್ರುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಒಬ್ಬರಾದರೂ ಜೈಲಿನಲ್ಲಿ ಕೆಲಸ ಮಾಡಿದವರು, ಒಬ್ಬರಾದರೂ ಸಂಶೋಧನೆ ಮಾಡುವವರು ಇರಲಿ. ಶಿಕ್ಷೆ ಮುಗಿಸಿ ಬಂದವರನ್ನು ತರಗತಿಗೆ ಕರೆಸುವ ಕಾಲೇಜಾದರೆ ಇನ್ನೂ ಒಳ್ಳೆಯದು. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ 1997ರಿಂದ ವಿದ್ಯಾರ್ಥಿಗಳೂ ಕೈದಿಗಳೂ ಜೈಲಿನೊಳಗೆ ಒಂದೇ ತರಗತಿಯಲ್ಲಿ ಕೂತು ಓದುವ ಕೋರ್ಸು ಶುರುವಾಯಿತು. ಆಮೇಲೆ ಬೇರೆ ಕಾಲೇಜುಗಳೂ ಅದನ್ನು ತೆಗೆದುಕೊಂಡವು.

ಇನ್ನೊಂದು ಮಾತು. ಫೀಸು ಕಟ್ಟುವ ಮೊದಲು ನಿಮಗೆ ಬೇಕಾದ ಹುದ್ದೆಯ ನೇಮಕಾತಿ ಪ್ರಕಟಣೆಗಳನ್ನು ತೆಗೆದು ಓದಿ. ಎಷ್ಟೋ ಕಡೆ ಜೈಲು ಕಾವಲಿನ ಕೆಲಸಕ್ಕೆ ಡಿಗ್ರಿಯೇ ಬೇಕಿಲ್ಲ, ಇಲಾಖೆಯೇ ತರಬೇತಿ ಕೊಡುತ್ತದೆ. ನಾರ್ವೆಯಲ್ಲಂತೂ ಅಧಿಕಾರಿಯಾಗುವವರಿಗೆ ಎರಡು ವರ್ಷದ ಓದು, ಅದೂ ಸಂಬಳದ ಜೊತೆ. ಇನ್ನು ಕೌನ್ಸೆಲರ್ ಹುದ್ದೆಗೆ ಕೆಲವು ಕಡೆ ಸಮಾಜಕಾರ್ಯ ಅಥವಾ ಮನಃಶಾಸ್ತ್ರದ ಡಿಗ್ರಿಯೇ ಬೇಕು, ಕರೆಕ್ಷನ್ಸ್ ನಡೆಯಲ್ಲ. ಗೊತ್ತಿಲ್ಲದೆ ಸುಮ್ನೆ ಸೇರಿಬಿಟ್ಟರೆ ಆಮೇಲೆ ಕಷ್ಟ.

ಆನ್‌ಲೈನ್ ಕೋರ್ಸಿನ ಬಗ್ಗೆ ನನಗೆ ವಿರೋಧವಿಲ್ಲ. ಈಗಾಗಲೇ ಜೈಲಿನಲ್ಲಿ ಕೆಲಸದಲ್ಲಿದ್ದು ಬಡ್ತಿಗಾಗಿ ಓದುವವರಿಗೆ ಅದು ಸರಿಯಾಗಿ ಹೊಂದುತ್ತದೆ. ಮಾನ್ಯತೆ ಇದೆಯಾ ಅಂತ ನೋಡಿದರೆ ಸಾಕು. ನೀವು ಹೊಸಬರು. ನಿಮ್ಮೂರಿನ ಹತ್ತಿರ ಅವರೇ ಫೀಲ್ಡ್‌ವರ್ಕ್ ಹೊಂದಿಸಿ ಕೊಡದಿದ್ದರೆ ಅದನ್ನು ಬಿಡಿ.

ಉಳಿದದ್ದು ಎರಡು. ಎರಡಕ್ಕೂ ಫೋನ್ ಮಾಡಿ, ಮೇಲಿನ ಪ್ರಶ್ನೆಗಳನ್ನೇ ಕೇಳಿ. ಹೋದ ವರ್ಷ ಓದು ಮುಗಿಸಿದ ಇಬ್ಬರ ಜೊತೆ ಮಾತಾಡಿಸಿ ಅಂತಲೂ ಕೇಳಿ. ಚಿಕ್ಕ ಕಾಲೇಜಿನವರು ಗಂಟೆ, ಜಾಗ, ಮೇಲ್ವಿಚಾರಕರ ಬಗ್ಗೆ ತಡವರಿಸದೆ ಹೇಳಿದರೆ ನಾನಾಗಿದ್ದರೆ ಅಲ್ಲಿಗೇ ಸೇರುತ್ತಿದ್ದೆ. ಅವರು ಏನಂದರು ಅಂತ ಬರೆಯಿರಿ, ಕೂತು ನೋಡೋಣ.