ಬಿಪಿ ಇದ್ದವರಿಗೆ ಕಣ್ಣಿನ ಡಾಪ್ಲರ್ ಮಾಡಿಸಿದರೆ ನೋವಾಗುತ್ತಾ?
ಗದಗದ ಅಣ್ಣಾವ್ರೇ, ತಂದೆಯವರಿಗೆ ಬಿಪಿ, ಹುಬ್ಬಳ್ಳಿ ಡಾಕ್ಟರು ಕಣ್ಣಿನ ಡಾಪ್ಲರ್ (ರಕ್ತದ ಓಟ ನೋಡುವ ಅಲ್ಟ್ರಾಸೌಂಡ್ ಸ್ಕ್ಯಾನ್) ಬರೆದಿದ್ದಾರೆ, ನೋವಾಗುತ್ತಾ ಅಂತ ಕೇಳಿದ್ದೀರಿ. ಇಲ್ಲರೀ. ಕಣ್ಣು ಮುಚ್ಚಿ ಮಲಗಿದರೆ ಸಾಕು. ರೆಪ್ಪೆಗೆ ತಣ್ಣನೆಯ ಜೆಲ್ ಹಚ್ಚಿ, ಸ್ಕ್ಯಾನ್ ಮಾಡುವ ಪ್ರೋಬನ್ನು ಒತ್ತದೆ ಹಗುರವಾಗಿ ಇಡುತ್ತಾರೆ. ಸೂಜಿ ಇಲ್ಲ, ಎಕ್ಸ್‌ರೇನೂ ಅಲ್ಲ.

ಅಳೆಯುವುದು ಕಣ್ಣಿಗೆ ಹೋಗುವ ರಕ್ತದ ವೇಗ. ರಿಪೋರ್ಟಿನಲ್ಲಿ ಆರ್‌ಐ ಅಂತ ಬರುತ್ತದೆ, ಅಂದರೆ ರಕ್ತದ ಓಟಕ್ಕೆ ಎಷ್ಟು ತಡೆ ಇದೆ ಅನ್ನುವ ಅಂಕಿ. ಹೃದಯ ಒತ್ತಿದಾಗ ವೇಗ ಸೆಕೆಂಡಿಗೆ 40 ಸೆಂ.ಮೀ., ಸಡಿಲವಾದಾಗ 10 ಇದ್ದರೆ, ಕಳೆದು ಉಳಿದ 30ನ್ನು 40ರಿಂದ ಭಾಗಿಸಿ 0.75 ಅಂತಾರೆ. ಸಣ್ಣ ರಕ್ತನಾಳಗಳು ಬಿಗಿಯಾದರೆ ಇದು ಏರುತ್ತದೆ. ಶುಗರ್ ಇದ್ದರೂ ಏರಬಹುದು, ಸುಮ್ನೆ ಒಂದು ಅಂಕಿಗೆ ಗಾಬರಿಯಾಗಬೇಡಿ.

ನನ್ನ ಕೇಳಿದರೆ ಫಂಡಸ್ ಪರೀಕ್ಷೆ (ಕಣ್ಣಿನ ಒಳಗಿನ ಹಿಂಭಾಗ ನೋಡುವುದು) ಮಾತ್ರ ತಪ್ಪಿಸಬೇಡಿ. ಒಳಗೆ ರಕ್ತ ಸೋರಿದ್ದು, ನರ ಊದಿದ್ದು ನೇರವಾಗಿ ಕಾಣುವುದು ಅಲ್ಲೇ. ಅದಕ್ಕೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ಕೆಲವು ತಾಸು ಮಂಜು ಮಂಜು, ತಂದೆಯವರ ಕೈಗೆ ಬೈಕ್ ಕೊಡಬೇಡಿ. ಬಿಪಿ ಗುಳಿಗೆಯನ್ನು ಅವತ್ತೂ ಬಿಡಬಾರದು.