ಪದವಿಚಾರ: ‘ರೂಡ್ ಹೆಲ್ತ್’ ಕೆಟ್ಟ ಆರೋಗ್ಯವೇ?

ಪ್ರಶ್ನೆ: ‘ರೂಡ್’ ಎಂದರೆ ಒರಟು, ಉದ್ಧಟ ಎಂದು ಕಲಿತವರು ನಾವು. ಲೇಖನವೊಂದರಲ್ಲಿ ತೊಂಬತ್ತರ ಅಜ್ಜನೊಬ್ಬರು ‘ಇನ್ ರೂಡ್ ಹೆಲ್ತ್’ ಇದ್ದಾರೆ ಎಂದಿತ್ತು. ಆರೋಗ್ಯ ಕೆಟ್ಟಿದೆ ಎಂದೇ?
– ಓದುಗರು, ಬದಿಯಡ್ಕ

ಉತ್ತರ: ಅಲ್ಲ, ಅಜ್ಜ ಗುಂಡುಕಲ್ಲಿನ ಹಾಗಿದ್ದಾರೆ! ಲ್ಯಾಟಿನ್ನಿನ ‘ರುಡಿಸ್’ ಈ ಪದದ ಮೂಲ. ಹದ ಮಾಡದ್ದು, ಉಳಿ ತಾಗದ್ದು ಎಂದು ಅದರ ಅರ್ಥ. ಗಾರೆ ಕಾಣದ ಮುರಕಲ್ಲಿನ ಗೋಡೆಯನ್ನು ನೆನೆಸಿಕೊಳ್ಳಿ, ಉಳಿದದ್ದು ಸುಲಭ. ತೋಟದ ಕಾವಲಿಗೆ ನಾಲ್ಕು ಕಂಬ ನೆಟ್ಟು ಸೋಗೆ ಹೊದೆಸಿದ್ದು ‘ರೂಡ್ ಹಟ್’. ನಾಜೂಕು ಅರಿಯದ ಗಟ್ಟಿ ಮೈ ‘ರೂಡ್ ಹೆಲ್ತ್’. ಎಣಿಸದೆ ಬಿದ್ದ ಪೆಟ್ಟು ‘ರೂಡ್ ಶಾಕ್’. ಬ್ರಿಟಿಷರ ‘ರೂಡ್ ಜೋಕ್’ ಮಾತ್ರ ಪೋಲಿ ಜೋಕು. ಅದನ್ನು ‘ಒರಟು ಹಾಸ್ಯ’ ಎಂದು ಅನುವಾದಿಸಿದರೆ ಕೆಟ್ಟಿತು. ವಿದ್ವಾಂಸರಿಗೆ ಹೇಳುವ ‘ಎರುಡೈಟ್’ ಕೂಡ ಇದೇ ಬೇರಿನದು: ಒರಟುತನದಿಂದ ಹೊರಗೆ ಬಂದವರು. ನಮ್ಮ ‘ರೂಢಿ’ಗೂ ಇದಕ್ಕೂ ನಂಟಿಲ್ಲ.

ಬಳಸುವಾಗ ತಪ್ಪುವುದು ಒಂದು ಕಡೆ. ‘ನನ್ನ ಹತ್ತಿರ ಒರಟಾಗಿ ಮಾತಾಡಿದ’ ಎಂಬುದನ್ನು ಮನಸ್ಸಿನಲ್ಲಿಟ್ಟು ‘ರೂಡ್ ವಿತ್ ಮಿ’ ಎಂದು ಬರೆಯುತ್ತೇವೆ. ‘ರೂಡ್ ಟು ಮಿ’ ಎನ್ನಿ. ‘ಇನ್ಸೊಲೆಂಟ್’ ಇದರ ಪರ್ಯಾಯವಲ್ಲ. ಸಾಮಾನ್ಯವಾಗಿ ಅದು ಕಿರಿಯರು ಹಿರಿಯರಿಗೆ, ಕೈಕೆಳಗಿನವರು ಮೇಲಿನವರಿಗೆ ತೋರಿಸುವ ಉದ್ಧಟತನ. ರೂಡ್ ಆಗುವುದಕ್ಕೆ ಮೇಲು ಕೆಳಗು ಇಲ್ಲ, ಯಾರೂ ಆಗಬಹುದು.

ಪ್ರಶ್ನೆ: ಕಚೇರಿಯಲ್ಲಿ ಕನ್ನಡ ಬಾರದವರಿದ್ದಾಗ ಇಂಗ್ಲಿಷೇ ಗತಿ. ‘ಐ ವಾಂಟ್ ಸರ್ಟಿಫಿಕೇಟ್’ ಎಂದರೆ ರೂಡ್ ಆಗುತ್ತದೆಯೇ? ಕೊನೆಗೆ ‘ಪ್ಲೀಸ್’ ಸೇರಿಸಿದರೆ ಸಾಕಲ್ಲವೇ?
– ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಆಗುತ್ತದೆ, ‘ಪ್ಲೀಸ್’ ಒಂದೇ ಸಾಲದು. ‘ಗಿವ್ ಮಿ ದ ಫಾರ್ಮ್, ಪ್ಲೀಸ್’ ಎಂದರೂ ಆಜ್ಞೆ ಆಜ್ಞೆಯೇ. ತುಳುವಿನಲ್ಲಿ ‘ಈ’ ಬಿಟ್ಟು ‘ಈರ್’, ಕನ್ನಡದಲ್ಲಿ ‘ನೀನು’ ಬಿಟ್ಟು ‘ನೀವು’ ಎಂದರೆ ಅರ್ಧ ಮರ್ಯಾದೆ ಅಲ್ಲೇ ಸಂದಿತು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯು’. ಹಾಗಾಗಿ ಮರ್ಯಾದೆಯನ್ನು ಕ್ರಿಯಾಪದ ಹೊರಬೇಕು.

ಈ ಉಪಾಯ ನಿಮಗೆ ಹೊಸತಲ್ಲ. ಅಂಗಡಿಗೆ ಹೋಗಿ ‘ಅರ್ಧ ಕಿಲೊ ಬೆಲ್ಲ ಬೇಕಿತ್ತು’ ಎನ್ನುತ್ತೀರಲ್ಲ? ಬೆಲ್ಲ ಬೇಕಾದದ್ದು ಈಗ, ಕ್ರಿಯಾಪದ ಮಾತ್ರ ಭೂತಕಾಲದ್ದು. ಒಂದು ಹೆಜ್ಜೆ ಹಿಂದೆ ನಿಂತು ಕೇಳಿದ ಹಾಗೆ. ಇಂಗ್ಲಿಷಿನಲ್ಲೂ ಹಾಗೆಯೇ ‘ಐ ವಾಂಟೆಡ್ ಟು ಆಸ್ಕ್ ಅಬೌಟ್ ಮೈ ಸರ್ಟಿಫಿಕೇಟ್’ ಎಂದು ಆರಂಭಿಸಿ. ಆಮೇಲೆ ‘ಕುಡ್ ಐ ಹ್ಯಾವ್ ದ ಫಾರ್ಮ್, ಪ್ಲೀಸ್?’ ಅರ್ಜಿಯಲ್ಲಾದರೆ ‘ಯು ಮಸ್ಟ್’ ಬೇಡ, ‘ಐ ರಿಕ್ವೆಸ್ಟ್ ಯು ಟು’ ಬರಲಿ.

ಮನೆಗೆ ಬಂದವರನ್ನು ‘ಯಾಕೆ ಬಂದಿರಿ?’ ಎಂದು ಕೇಳುವುದಿಲ್ಲ, ‘ಬಂದ ವಿಷಯ?’ ಎನ್ನುತ್ತೇವೆ. ‘ವೈ ಹ್ಯಾವ್ ಯು ಕಮ್?’ ಎಂಬುದು ಮೊದಲನೆಯದು, ‘ವಾಟ್ ಬ್ರಿಂಗ್ಸ್ ಯು ಹಿಯರ್?’ ಎರಡನೆಯದು.